ಇನ್ನೊಂದು ಭೂಮಿಯ ಚಿತ್ರ ತೆಗೆಯುವ ದೂರದರ್ಶಕ: ಕಾಗದದ ಲೆಕ್ಕದಿಂದ ಲ್ಯಾಪ್‌ಟಾಪಿನ ಪರೀಕ್ಷೆಯವರೆಗೆ

ಸೂರ್ಯನಂಥ ಒಂದು ನಕ್ಷತ್ರ, 10 ಪಾರ್ಸೆಕ್ (ಸುಮಾರು 33 ಜ್ಯೋತಿರ್ವರ್ಷ) ದೂರ, ಅದರ ಸುತ್ತ ಭೂಮಿಯಂಥ ಒಂದು ಗ್ರಹ. ಆ ಗ್ರಹದ ಬೆಳಕನ್ನಷ್ಟೇ ಬೇರ್ಪಡಿಸಿ ಹಿಡಿಯಲು ಎಂಥ ಬಾಹ್ಯಾಕಾಶ ದೂರದರ್ಶಕ ಬೇಕು? ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು, ಮುಖ್ಯ ಭಾಗವನ್ನು ಲ್ಯಾಪ್‌ಟಾಪಿನಲ್ಲಿ ಓಡಿಸಿಯೂ ನೋಡಬಹುದು. ಬೇಕಾಗುವುದು ಇಷ್ಟು: ಕ್ಯಾಲ್ಕ್ಯುಲೇಟರ್, ಪೈಥಾನ್ ಮತ್ತು ನಂಪೈ ಇರುವ 8 ಜಿಬಿ ಮೆಮೊರಿಯ ಕಂಪ್ಯೂಟರ್, ಪಿಯುಸಿ ಮಟ್ಟದ ಭೌತಶಾಸ್ತ್ರ, ಫೂರಿಯೆ ರೂಪಾಂತರದ ಪರಿಚಯ, ಒಂದೆರಡು ದಿನದ ಬಿಡುವು.

ಇದೇ ಕೆಲಸಕ್ಕೆಂದು ನಾಸಾ ರೂಪಿಸುತ್ತಿರುವ ದೂರದರ್ಶಕದ ಹೆಸರು ಹ್ಯಾಬಿಟಬಲ್ ವರ್ಲ್ಡ್ಸ್ ಅಬ್ಸರ್ವೇಟರಿ. ಸುಮಾರು 6 ಮೀಟರ್ ಕನ್ನಡಿ, ವಾಸಯೋಗ್ಯ ವಲಯದ ಸುಮಾರು 25 ಗ್ರಹಗಳ ರೋಹಿತ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು) ಹಿಡಿಯುವ ಗುರಿ. 2021ರಲ್ಲಿ ಅಮೆರಿಕದ ಖಗೋಳ ಸಮುದಾಯದ ದಶವಾರ್ಷಿಕ ಸಮೀಕ್ಷೆ ಶಿಫಾರಸು ಮಾಡಿದ್ದು ಇದನ್ನೇ. ಹಾಗಾಗಿ ನಮ್ಮ ಲೆಕ್ಕದಲ್ಲೂ ಕನ್ನಡಿ 6 ಮೀಟರ್.

ಮೊದಲು ಕೋನ

ಪಾರ್ಸೆಕ್ಕಿನ ವ್ಯಾಖ್ಯಾನದ ಪ್ರಕಾರ 1 ಖಗೋಳಮಾನದ (ಸೂರ್ಯನಿಂದ ಭೂಮಿಗಿರುವ ದೂರದ) ಅಂತರ 10 ಪಾರ್ಸೆಕ್‌ನಿಂದ 0.1 ಆರ್ಕ್‌ಸೆಕೆಂಡ್, (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಅಂದರೆ 100 ಮಿಲಿ ಆರ್ಕ್‌ಸೆಕೆಂಡ್ ಕಾಣುತ್ತದೆ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ರಾಮನಗರದಲ್ಲಿಟ್ಟು ಬೆಂಗಳೂರಿನಿಂದ ನೋಡಿದರೆ ಎಷ್ಟು ಕಾಣುತ್ತದೋ ಅಷ್ಟು.

ಈ ಕೋನವನ್ನು ದೂರದರ್ಶಕದ ಸ್ವಂತ ಅಳತೆಗೆ ಇಳಿಸಿಕೊಳ್ಳಬೇಕು. ಬೆಳಕಿನ ತರಂಗದೂರವನ್ನು ಕನ್ನಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಕೋನವೇ ಆ ಅಳತೆ. ಈ ವಿದ್ಯೆಯಲ್ಲಿರುವವರು ಅದನ್ನು ಲ್ಯಾಮ್ಡಾ ಬೈ ಡಿ ಎನ್ನುತ್ತಾರೆ. ಇಲ್ಲಿ ಅದನ್ನು ‘ಮೊಳ’ ಎಂದೇ ಕರೆಯೋಣ. ಹೂವಾಡಗಿತ್ತಿಯ ಮೊಳ ಕೈಯಿಂದ ಕೈಗೆ ಬದಲಾಗುವ ಹಾಗೆ ಇದೂ ದೂರದರ್ಶಕದಿಂದ ದೂರದರ್ಶಕಕ್ಕೆ, ಬಣ್ಣದಿಂದ ಬಣ್ಣಕ್ಕೆ ಬದಲಾಗುತ್ತದೆ.

550 ನ್ಯಾನೋಮೀಟರ್ ಹಸಿರು ಬೆಳಕು, 6 ಮೀಟರ್ ಕನ್ನಡಿ: 550×10⁻⁹ ÷ 6 × 206265 = 0.0189 ಆರ್ಕ್‌ಸೆಕೆಂಡ್. (206265 ಎಂಬುದು ರೇಡಿಯನ್ನನ್ನು ಆರ್ಕ್‌ಸೆಕೆಂಡಿಗೆ ಬದಲಿಸುವ ಸಂಖ್ಯೆ.) ಒಂದು ಮೊಳ ಎಂದರೆ ಸುಮಾರು 19 ಮಿಲಿ ಆರ್ಕ್‌ಸೆಕೆಂಡ್. ನಮ್ಮ ಗ್ರಹ ನಕ್ಷತ್ರದಿಂದ 5.3 ಮೊಳ ದೂರ. ನಾಸಾದ ಬಾಹ್ಯಾಕಾಶ ದೂರದರ್ಶಕಗಳಾದ ಹಬಲ್ ಅಥವಾ ರೋಮನ್‌ನಂಥ 2.4 ಮೀಟರ್ ಕನ್ನಡಿಗೆ ಮೊಳ 47 ಮಿಲಿ ಆರ್ಕ್‌ಸೆಕೆಂಡ್. ಅದೇ ಗ್ರಹ ಅಲ್ಲಿ 2.1 ಮೊಳದಲ್ಲೇ ಸಿಕ್ಕಿಬೀಳುತ್ತದೆ. ನಕ್ಷತ್ರಕ್ಕೆ ಹಾಕುವ ಮರೆ ಸಾಮಾನ್ಯವಾಗಿ 3 ಮೊಳದವರೆಗೆ ಹರಡುವುದರಿಂದ, 2.1 ಮೊಳದಲ್ಲಿರುವುದು ಮರೆಯ ಹಿಂದೆಯೇ ಉಳಿಯುತ್ತದೆ.

ಇಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ: ಹಸಿರು ಬೆಳಕಿಗೆ ಲೆಕ್ಕ ಹಾಕಿ ನೆಮ್ಮದಿಯಾಗುವುದು. ನೀರಾವಿಯ ಗುರುತು ಸಿಗುವುದು 940 ನ್ಯಾನೋಮೀಟರ್ ಬಳಿ. ಅಲ್ಲಿ ಮೊಳ 32 ಮಿಲಿ ಆರ್ಕ್‌ಸೆಕೆಂಡ್, ಮೂರು ಮೊಳ ಎಂದರೆ ಹೆಚ್ಚುಕಡಿಮೆ 97. ಗ್ರಹ ಇರುವುದು 100ರಲ್ಲಿ. ಕಂಡಿತೋ ಇಲ್ಲವೋ ಎಂಬ ಅಂಚಿನಲ್ಲಿ! ದೂರದರ್ಶಕದ ವ್ಯಾಸವನ್ನು ನಿಜಕ್ಕೂ ತೀರ್ಮಾನಿಸುವುದು ನೀವು ಹುಡುಕುವ ಅತಿ ಉದ್ದದ ತರಂಗದೂರ.

ಎಷ್ಟು ಮಂಕು, ಎಷ್ಟು ಫೋಟಾನ್

ಗ್ರಹ ಪ್ರತಿಫಲಿಸುವ ಬೆಳಕಿನ ಪಾಲು ಮೂರು ಸಂಖ್ಯೆಗಳ ಗುಣಲಬ್ಧ: ಪ್ರತಿಫಲನಾಂಕ, ಅರ್ಧಚಂದ್ರದಂತೆ ಕಾಣುವಾಗಿನ ಕಡಿತ, ಮತ್ತು ಗ್ರಹದ ತ್ರಿಜ್ಯವನ್ನು ಕಕ್ಷೆಯ ತ್ರಿಜ್ಯದಿಂದ ಭಾಗಿಸಿದ್ದರ ವರ್ಗ. ಭೂಮಿಗೆ 6371 ÷ 14.96 ಕೋಟಿ ಕಿ.ಮೀ.ಯ ವರ್ಗ 1.8×10⁻⁹. ಪ್ರತಿಫಲನಾಂಕ 0.2 ಎಂದಿಟ್ಟುಕೊಳ್ಳಿ, ಅರ್ಧ ಬೆಳಗಿದ ಸ್ಥಿತಿಗೆ 0.32. ಒಟ್ಟು ಸುಮಾರು 1.2×10⁻¹⁰. ಸಾವಿರ ಕೋಟಿಗೆ ಒಂದು ಪಾಲು. ಗುರುಗ್ರಹಕ್ಕೆ ಇದೇ ಲೆಕ್ಕ ಹಾಕಿದರೆ, ಪ್ರತಿಫಲನಾಂಕ 0.5 ಹಿಡಿದು, 1.3×10⁻⁹ ಬರುತ್ತದೆ.

ಈವರೆಗೆ ನೇರವಾಗಿ ಚಿತ್ರ ತೆಗೆದ ಗ್ರಹಗಳು ಬಹುಪಾಲು ಬೇರೆ ಜಾತಿಯವು. 2008ರಲ್ಲಿ ಪ್ರಕಟವಾದ ಎಚ್‌ಆರ್ 8799ರ ಗ್ರಹಗಳಂತೆ ಎಳೆಯವು, ದೈತ್ಯವು, ಹುಟ್ಟಿನ ಕಾವು ಇನ್ನೂ ಆರದವು. ತಮ್ಮದೇ ಅವಕೆಂಪು ಬೆಳಕಿನಲ್ಲಿ ಹೊಳೆಯುವ ಅಂಥವುಗಳಿಗೆ 10⁻⁴ರಿಂದ 10⁻⁶ ಸಾಕು. ಅಲ್ಲಿಂದ 10⁻¹⁰ಕ್ಕೆ ಇಳಿಯುವುದು ಅದೇ ದಾರಿಯ ಮುಂದುವರಿಕೆ ಅಂದುಕೊಳ್ಳಬೇಡಿ. ಕೆಳಗಿನ ಹಂತಗಳಲ್ಲಿ ಅದು ತಾನಾಗಿ ಗೊತ್ತಾಗುತ್ತದೆ.

ಈಗ ಫೋಟಾನ್ ಎಣಿಸಿ. ಶೂನ್ಯ ಕಾಂತಿಮಾನದ (ಇದು ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಮಂಕು) ನಕ್ಷತ್ರದಿಂದ ಹಸಿರಿನಲ್ಲಿ ಸೆಕೆಂಡಿಗೆ, ಚದರ ಮೀಟರಿಗೆ, ಪ್ರತಿ ನ್ಯಾನೋಮೀಟರಿಗೆ ಸುಮಾರು 10⁸ ಫೋಟಾನ್ ಬರುತ್ತವೆ. 10 ಪಾರ್ಸೆಕ್‌ನಲ್ಲಿ ಸೂರ್ಯನ ಕಾಂತಿಮಾನ 4.83, ಅಂದರೆ 85 ಪಟ್ಟು ಕಡಿಮೆ. ಕನ್ನಡಿಯ ವಿಸ್ತೀರ್ಣ 28.3 ಚದರ ಮೀಟರ್, ಹಿಡಿಯುವ ಬಣ್ಣದ ಪಟ್ಟಿಯ ಅಗಲ 110 ನ್ಯಾನೋಮೀಟರ್. ಗುಣಿಸಿದರೆ ನಕ್ಷತ್ರದ್ದು ಸೆಕೆಂಡಿಗೆ 3.6×10⁹ ಫೋಟಾನ್, ಗ್ರಹದ್ದು (ಪಾಲನ್ನು 10⁻¹⁰ ಎಂದೇ ಹಿಡಿದರೆ) 0.36.

ಅಷ್ಟೂ ನಿಮ್ಮ ಕೈಗೆ ಬರುವುದಿಲ್ಲ. ಬೆಳಕು ಸುಮಾರು 20 ಕನ್ನಡಿಗಳಿಗೆ ಬಡಿದು ಬರಬೇಕು. ತಲಾ 97% ಎಂದರೂ ಉಳಿಯುವುದು 54%. ಲಿಯೊ ಕಿಂಡಿಯಲ್ಲಿ (ಇದರ ವಿಷಯ ಮುಂದೆ ಬರುತ್ತದೆ) ಅರ್ಧ ಹೋಗುತ್ತದೆ. ಗ್ರಹದ ಚುಕ್ಕೆಯ ನಡುಭಾಗವನ್ನಷ್ಟೇ ಎಣಿಸುವುದರಿಂದ ಇನ್ನರ್ಧ. ಸಂವೇದಕ 80%. ಎಲ್ಲ ಸೇರಿ ಹತ್ತರಲ್ಲಿ ಒಂದು ಪಾಲು ಉಳಿಯಿತು: ಸೆಕೆಂಡಿಗೆ 0.036, ಅಂದರೆ 27 ಸೆಕೆಂಡಿಗೊಂದು ಫೋಟಾನ್, ಗಂಟೆಗೆ 130.

ಚಿತ್ರಕ್ಕೆ ಇದು ಸಾಕು. ರೋಹಿತಕ್ಕೆ ಹೋದಿರೋ ಜೇಬು ಖಾಲಿ. 760 ನ್ಯಾನೋಮೀಟರಿನ ಆಮ್ಲಜನಕದ ಗುರುತನ್ನು ಹಿಡಿಯಲು ಬೆಳಕನ್ನು 5 ನ್ಯಾನೋಮೀಟರಿನ ತುಣುಕುಗಳಾಗಿ ಒಡೆದರೆ ಒಂದೊಂದು ತುಣುಕಿಗೆ ಗಂಟೆಗೆ ಆರೇಳು ಫೋಟಾನ್. ಆದ್ದರಿಂದ ಒಂದೇ ಗ್ರಹದ ಮೇಲೆ ನೂರಾರು ಗಂಟೆ ಕಣ್ಣಿಟ್ಟು ಕೂರಬೇಕಾಗುತ್ತದೆ. ಸಂವೇದಕದ ಕತ್ತಲ ಪ್ರವಾಹ (ಬೆಳಕು ಬೀಳದಿದ್ದರೂ ತಾನಾಗಿ ಹುಟ್ಟುವ ಪ್ರವಾಹ) ಪಿಕ್ಸೆಲಿಗೆ ಸೆಕೆಂಡಿಗೆ 10⁻⁴ ಎಲೆಕ್ಟ್ರಾನ್‌ಗಿಂತ ಹೆಚ್ಚಾದರೆ ಈ ಲೆಕ್ಕವೆಲ್ಲ ತಲೆಕೆಳಗು; ಗ್ರಹದ ಚುಕ್ಕೆ ಹತ್ತಾರು ಪಿಕ್ಸೆಲುಗಳ ಮೇಲೆ ಹರಡಿರುತ್ತದೆ ಎಂಬುದು ನೆನಪಿರಲಿ. ರೋಮನ್ ದೂರದರ್ಶಕದ ಕೊರೊನಾಗ್ರಾಫಿನಲ್ಲಿ (ನಕ್ಷತ್ರಕ್ಕೆ ಮರೆ ಹಾಕುವ ಉಪಕರಣ) ಎಲೆಕ್ಟ್ರಾನ್ ಗುಣಿಸುವ ಸಿಸಿಡಿ ಸಂವೇದಕ ಇಟ್ಟು ಫೋಟಾನುಗಳನ್ನು ಒಂದೊಂದಾಗಿ ಎಣಿಸುವುದು ಇದಕ್ಕೇ.

ಮರೆ ಕಟ್ಟುವುದು

ಬಾಹ್ಯಾಕಾಶದಲ್ಲಿ ವಾತಾವರಣದ ಕಾಟ ಇಲ್ಲದಿದ್ದರೂ ಬೆಳಕು ತನ್ನ ವಿವರ್ತನೆಯ ಗುಣ ಬಿಡುವುದಿಲ್ಲ. ಪರಿಪೂರ್ಣ ದುಂಡು ಕನ್ನಡಿಯೂ ನಕ್ಷತ್ರದ ಸುತ್ತ ಉಂಗುರಗಳನ್ನು ಬಿಡಿಸುತ್ತದೆ. ಐದು ಮೊಳದ ಆಸುಪಾಸಿನ ಉಂಗುರದ ಹೊಳಪು ನಕ್ಷತ್ರದ ಶಿಖರದ ಸುಮಾರು 5×10⁻⁴, ನಮ್ಮ ಗ್ರಹದ ಐವತ್ತು ಲಕ್ಷ ಪಟ್ಟು. ಮೊದಲು ಇದನ್ನು ಅಳಿಸಬೇಕು.

ಉಪಾಯ ಹಳೆಯದು. ಸೂರ್ಯನ ಕಿರೀಟವನ್ನು ಗ್ರಹಣವಿಲ್ಲದೆ ನೋಡಲು 1930ರ ದಶಕದ ಆರಂಭದಲ್ಲಿ ಫ್ರಾನ್ಸಿನ ಬರ್ನಾರ್ ಲಿಯೊ ಮಾಡಿದ ಉಪಕರಣವೇ ಕೊರೊನಾಗ್ರಾಫ್. ಬಿಂಬ ಬೀಳುವಲ್ಲಿ ನಕ್ಷತ್ರಕ್ಕೆ ಮರೆ. ಮರೆಯ ಅಂಚಿನಲ್ಲಿ ಬಾಗಿದ ಬೆಳಕು ಕನ್ನಡಿಯ ಬಿಂಬದ ಅಂಚಿಗೆ ಸರಿದು ಕೂರುತ್ತದೆ. ಅಲ್ಲಿ ಒಂದು ಚಿಕ್ಕ ಕಿಂಡಿ ಇಟ್ಟು ಅಂಚನ್ನು ಕತ್ತರಿಸಿದರೆ ನಕ್ಷತ್ರದ ಬೆಳಕು ಹೊರಗೆ, ಗ್ರಹದ್ದು ಒಳಗೆ.

ಲ್ಯಾಪ್‌ಟಾಪಿನಲ್ಲಿ ಇದನ್ನು ಹೀಗೆ ಮಾಡಿ.

1. 1024×1024ರ ಶೂನ್ಯ ಅರೇ ತೆಗೆದುಕೊಳ್ಳಿ. ನಡುವೆ 256 ಪಿಕ್ಸೆಲ್ ವ್ಯಾಸದ ವೃತ್ತದೊಳಗೆ 1 ತುಂಬಿ. ಇದು ನಿಮ್ಮ ಕನ್ನಡಿ, ಅರ್ಥಾತ್ ಪ್ಯೂಪಿಲ್. ನಾಲ್ಕು ಪಟ್ಟು ಅಗಲದ ಅರೇ ಆದ್ದರಿಂದ ಬಿಂಬದಲ್ಲಿ 4 ಪಿಕ್ಸೆಲಿಗೆ ಒಂದು ಮೊಳ. ಎಲ್ಲವೂ ಡಬಲ್ ಪ್ರಿಸಿಶನ್‌ನಲ್ಲೇ ಇರಲಿ.

2. ಮರೆಯನ್ನು ನೇರವಾಗಿ ಬಿಂಬದಲ್ಲಿ ಬರೆಯಬೇಡಿ. ಗಟ್ಟಿ ಅಂಚಿನ ಕಪ್ಪು ಚುಕ್ಕೆ ಬರೆದರೆ ಬೆಳಕು ಕಿಂಡಿಯ ಒಳಗೂ ಸೋರಿ ಉಳಿಯುತ್ತದೆ. ಅದರ ಬದಲು, 2002ರಲ್ಲಿ ಮಾರ್ಕ್ ಕುಕ್ನರ್ ಮತ್ತು ವೆಸ್ಲಿ ಟ್ರಾಬ್ ತೋರಿಸಿದ ಪಟ್ಟಿ-ಸೀಮಿತ ಮರೆಯನ್ನು ಬಳಸಿ. ಪ್ಯೂಪಿಲ್ ಸಮತಲದ ನಡುಸಾಲಿನಲ್ಲಿ, ಅಡ್ಡಕ್ಕೆ, ಕೇಂದ್ರದಿಂದ ಎರಡೂ ಬದಿ 48 ಪಿಕ್ಸೆಲಿಗೆ ಶೂನ್ಯವಾಗುವ ತ್ರಿಕೋನಾಕಾರದ ಸಂಖ್ಯೆಗಳನ್ನು ತುಂಬಿ. ಅವುಗಳ ಮೊತ್ತ ಕರಾರುವಾಕ್ಕಾಗಿ 1 ಆಗುವಂತೆ ಭಾಗಿಸಿ. ಫೂರಿಯೆ ರೂಪಾಂತರ ಮಾಡಿ, 1ರಿಂದ ಕಳೆಯಿರಿ. ಬಂದದ್ದೇ ಮರೆಯ ಪಾರ-ಪ್ರಸರಣ (ಪಾರ ಎಂದರೆ ಅಲೆಯ ಎತ್ತರ, ಆಂಪ್ಲಿಟ್ಯೂಡ್). ನಡುವೆ ಶೂನ್ಯ, ಹೊರಗೆ ಮೆಲ್ಲಗೆ 1ಕ್ಕೆ ಏರುತ್ತದೆ, 3.06 ಮೊಳದಲ್ಲಿ ಅರ್ಧ ಬೆಳಕು ದಾಟುತ್ತದೆ.

3. ಪ್ಯೂಪಿಲ್‌ನ ರೂಪಾಂತರವನ್ನು ಮರೆಯಿಂದ ಗುಣಿಸಿ, ತಿರುಗಿ ಪ್ಯೂಪಿಲ್‌ಗೆ ತನ್ನಿ. ನಡುವಿನ ಭಾಗ ಪೂರ್ತಿ ಕಪ್ಪಾಗಿ, ಎಡಬಲದ ಅಂಚುಗಳಲ್ಲಿ ಮಾತ್ರ ಬೆಳಕು ಉಳಿದಿರಬೇಕು.

4. ವೃತ್ತವನ್ನು 48 ಪಿಕ್ಸೆಲ್ ಎಡಕ್ಕೆ, 48 ಪಿಕ್ಸೆಲ್ ಬಲಕ್ಕೆ ಸರಿಸಿ, ಎರಡೂ ಒಂದರ ಮೇಲೊಂದು ಬೀಳುವ ಮಸೂರದಾಕಾರದ ಜಾಗವನ್ನಷ್ಟೇ ಇಟ್ಟುಕೊಳ್ಳಿ. ಅಂಚಿನಲ್ಲಿ ಇನ್ನೊಂದೆರಡು ಪಿಕ್ಸೆಲ್ ಕತ್ತರಿಸಿ. ಇದು ಲಿಯೊ ಕಿಂಡಿ. ಮೂಲ ವೃತ್ತದ ಸುಮಾರು 53% ವಿಸ್ತೀರ್ಣ ಉಳಿಯುತ್ತದೆ. ಫೋಟಾನ್ ಲೆಕ್ಕದಲ್ಲಿ ಅರ್ಧ ಕಳೆದದ್ದು ಇದೇ.

5. ಮತ್ತೆ ರೂಪಾಂತರ ಮಾಡಿ, ಪರಿಮಾಣದ ವರ್ಗ ತೆಗೆಯಿರಿ. ಮರೆಯಿಲ್ಲದೆ, ಕಿಂಡಿ ಮಾತ್ರ ಇಟ್ಟು ಬಂದ ಬಿಂಬದ ಶಿಖರದಿಂದ ಭಾಗಿಸಿದರೆ ಹೊಳಪಿನ ಅನುಪಾತ ಸಿಗುತ್ತದೆ.

ಸರಿಯಾಗಿ ಮಾಡಿದ್ದರೆ ಉಳಿಯುವುದು ಕಂಪ್ಯೂಟರಿನ ಅಂಕಗಣಿತದ ಕಸ ಮಾತ್ರ, 10⁻²⁵ಕ್ಕಿಂತಲೂ ಕೆಳಗೆ. ಬದಲಿಗೆ 10⁻⁸ರ ಆಸುಪಾಸು ಕಂಡರೆ ಮರೆಯನ್ನು ಸೂತ್ರದಿಂದ ನೇರವಾಗಿ ಬರೆದಿದ್ದೀರಿ. ಅರೇಯ ಅಂಚಿನಲ್ಲಿ ಅದರ ಬಾಲ ತುಂಡಾಗಿದೆ. 10⁻³ ಕಂಡರೆ ಕೇಂದ್ರ ಬದಲಾಯಿಸುವ ಷಿಫ್ಟ್ ಹಂತವನ್ನು ಎಲ್ಲೋ ಮರೆತಿದ್ದೀರಿ, ಇಲ್ಲವೇ ತ್ರಿಕೋನದ ಕೇಂದ್ರ ಒಂದು ಪಿಕ್ಸೆಲ್ ಪಕ್ಕಕ್ಕಿದೆ.

ಇನ್ನು ಗ್ರಹ. ಪ್ಯೂಪಿಲ್‌ಗೆ 5.3 ತರಂಗದಷ್ಟು ಓರೆ ಕೊಟ್ಟು, ಪಾರವನ್ನು 10⁻⁵ ಮಾಡಿ (ಹೊಳಪು ಪಾರದ ವರ್ಗವಲ್ಲವೇ), ಅದನ್ನು ಪ್ರತ್ಯೇಕವಾಗಿ ಇದೇ ಹಾದಿಯಲ್ಲಿ ಓಡಿಸಿ. ಕೊನೆಯಲ್ಲಿ ಎರಡರ ಹೊಳಪುಗಳನ್ನು ಕೂಡಿಸಿ. ಕ್ಷೇತ್ರಗಳನ್ನು (ವರ್ಗ ತೆಗೆಯುವ ಮೊದಲಿನ ಬೆಳಕಿನ ಅಲೆಗಳನ್ನು) ಕೂಡಿಸಿದರೆ ತಪ್ಪು: ನಕ್ಷತ್ರದ ಬೆಳಕೂ ಗ್ರಹದ ಬೆಳಕೂ ಒಂದರೊಡನೊಂದು ವ್ಯತಿಕರಣ ಹೊಂದುವುದಿಲ್ಲ. ಈ ಸಾಲನ್ನು ನೆನಪಿಡಿ, ಮುಂದೆ ಇದೇ ಆಯುಧವಾಗುತ್ತದೆ.

ಈಗ ಒಂದು ಕಿಡಿಗೇಡಿ ಪರೀಕ್ಷೆ. ಪ್ಯೂಪಿಲ್‌ನ ನಡುವೆ ವ್ಯಾಸದ 30%ರಷ್ಟು ಕಪ್ಪು ವೃತ್ತ ಇಡಿ, ಉಪಕನ್ನಡಿಯ ನೆರಳಿನ ಹಾಗೆ. ಆ ನೆರಳಿಗೂ ಎರಡು ಬದಿ 48 ಪಿಕ್ಸೆಲ್ ಅಂಚು ಬಿಡಬೇಕು. ಲೆಕ್ಕ ಹಾಕಿದರೆ ನೆರಳು ಕೇಂದ್ರದಿಂದ 86 ಪಿಕ್ಸೆಲ್‌ವರೆಗೆ ತಿನ್ನುತ್ತದೆ, ಕಿಂಡಿ ಇರುವುದೇ 80ರವರೆಗೆ. ನಡುಸಾಲಿನಲ್ಲಿ ಒಂದು ಪಿಕ್ಸೆಲ್ ಕೂಡ ಉಳಿಯದು. ರೋಮನ್ ದೂರದರ್ಶಕದ ಸಂಕಟ ಇದೇ. ಅದರ ಕನ್ನಡಿಗೆ ನೆರಳೂ ಇದೆ, ಆರು ಆಧಾರ ಕಂಬಗಳೂ ಇವೆ. ಹಾಗಾಗಿ ಅದರಲ್ಲಿ ಇಷ್ಟು ಸರಳವಾದ ಮರೆ ನಡೆಯುವುದಿಲ್ಲ; ಬಾಗುವ ಕನ್ನಡಿಗಳ ಸಹಾಯ ಪಡೆಯುವ ಮಿಶ್ರ ಲಿಯೊ ಮರೆ ಮತ್ತು ಆಕಾರ ಕತ್ತರಿಸಿದ ಪ್ಯೂಪಿಲ್ ಎರಡನ್ನೂ ಇಟ್ಟಿದ್ದಾರೆ. ಹೊಸದಾಗಿ ಕಟ್ಟುವವರು ಉಪಕನ್ನಡಿಯನ್ನು ಪಕ್ಕಕ್ಕೆ ಸರಿಸಿ ನೆರಳೇ ಇಲ್ಲದ ವಿನ್ಯಾಸವನ್ನು ಕೇಳುವುದು ಸೊಕ್ಕಿಗಲ್ಲ.

ಪಿಕೋಮೀಟರಿನ ಪೇಚಾಟ

ಮರೆ ಸಿದ್ಧವಾಯಿತು, 10⁻²⁵ ಬಂತು, ಕೆಲಸ ಮುಗಿಯಿತು ಅನ್ನಿಸಬಹುದು. ಕನ್ನಡಿಯಲ್ಲಿ ಸಣ್ಣ ಏರಿಳಿತ ಹಾಕಿ ನೋಡಿ.

ಪ್ಯೂಪಿಲ್‌ನ ಅಗಲಕ್ಕೆ 5 ಆವರ್ತನ ಇರುವ ಸೈನ್ ಅಲೆಯನ್ನು ತರಂಗಮುಖಕ್ಕೆ ಸೇರಿಸಿ. ಅಲೆಯ ಪಾರ 1.75 ಪಿಕೋಮೀಟರ್, ಅಂದರೆ 0.00175 ನ್ಯಾನೋಮೀಟರ್. ಓಡಿಸಿದರೆ ಐದು ಮೊಳದಲ್ಲಿ, ಎಡಕ್ಕೊಂದು ಬಲಕ್ಕೊಂದು, 10⁻¹⁰ ಹೊಳಪಿನ ಎರಡು ಚುಕ್ಕೆ ಏಳುತ್ತವೆ. ಆಕಾರ, ಗಾತ್ರ, ಹೊಳಪು ಎಲ್ಲ ಗ್ರಹದಂತೆಯೇ. ಸೂತ್ರ ಸರಳ: ಚುಕ್ಕೆಯ ಹೊಳಪು = (3.14 × ಅಲೆಯ ಪಾರ ÷ ತರಂಗದೂರ)ರ ವರ್ಗ. ಪ್ರತಿಫಲನದಲ್ಲಿ ದೋಷ ಇಮ್ಮಡಿಯಾಗುವುದರಿಂದ ಕನ್ನಡಿಯ ಮೈಮೇಲೆ ಈ ಅಲೆಯ ಎತ್ತರ ಒಂದು ಪಿಕೋಮೀಟರಿಗಿಂತ ಕಡಿಮೆ. ಜಲಜನಕದ ಪರಮಾಣುವಿನ ಅಗಲವೇ ನೂರು ಪಿಕೋಮೀಟರ್!

ಇಷ್ಟು ನಯವಾಗಿ ಯಾರೂ ಕನ್ನಡಿ ತಿಕ್ಕಲಾರರು, ತಿಕ್ಕಬೇಕಾಗಿಯೂ ಇಲ್ಲ. ಕನ್ನಡಿಯಲ್ಲಿ ಹತ್ತು ನ್ಯಾನೋಮೀಟರ್ ದೋಷವಿರಲಿ, ಅದನ್ನು ಬೇರೊಂದು ಕನ್ನಡಿಯಿಂದ ಸರಿದೂಗಿಸಬಹುದು. ಸರಿದೂಗಿಸಿದ ಮೇಲೆ ಅದು ಅಲ್ಲಾಡದೆ ಇರಬೇಕು, ಗಂಟೆಗಟ್ಟಲೆ. ಉಷ್ಣಕ್ಕೆ ಅತಿ ಕಡಿಮೆ ಹಿಗ್ಗುವ ಗಾಜು, ಪ್ರತಿ ಡಿಗ್ರಿಗೆ 10⁻⁸ ಹಿಗ್ಗುತ್ತದೆ ಎನ್ನಿ, 10 ಸೆಂ.ಮೀ. ದಪ್ಪ. ಉಷ್ಣತೆ ಡಿಗ್ರಿಯ ಸಾವಿರದ ಒಂದು ಭಾಗ ಬದಲಾದರೂ ಒಂದು ಪಿಕೋಮೀಟರ್ ಹಿಗ್ಗಿಹೋಯಿತು. ಎಲ್ಲ ಕಡೆ ಒಂದೇ ಸಮ ಹಿಗ್ಗಿದರೆ ಚಿಂತೆಯಿಲ್ಲ. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆದರೆ ಅದೇ ಚುಕ್ಕೆಯಾಗಿ ಹುಟ್ಟುತ್ತದೆ. ಈ ಇಡೀ ತಂತ್ರಜ್ಞಾನದಲ್ಲಿ ಮರೆಗೆ ಸಿಗುವ ಪ್ರಚಾರ ಉಷ್ಣ ನಿಯಂತ್ರಣಕ್ಕೂ ಕಂಪನ ತಡೆಗೂ ಸಿಗುವುದಿಲ್ಲ. ಕಷ್ಟ ಇರುವುದೆಲ್ಲ ಅಲ್ಲಿಯೇ.

ನಕ್ಷತ್ರ ಮರೆಯ ನಟ್ಟನಡುವೆ ನಿಲ್ಲುವುದೂ ಮುಖ್ಯ. ಪ್ಯೂಪಿಲ್‌ಗೆ 0.05 ಮೊಳದ ಓರೆ (ಸುಮಾರು 1 ಮಿಲಿ ಆರ್ಕ್‌ಸೆಕೆಂಡ್) ಕೊಟ್ಟು ಸೋರಿಕೆ ನೋಡಿ, ನಂತರ 0.1 ಮಾಡಿ. ಈ ಮರೆಯಲ್ಲಿ ಸೋರಿಕೆ ಓರೆಯ ನಾಲ್ಕನೇ ಘಾತಕ್ಕೆ ಏರುತ್ತದೆ. ದುಪ್ಪಟ್ಟು ಓರೆಗೆ 16 ಪಟ್ಟು.

ಕತ್ತಲ ಕುಳಿ ತೋಡುವುದು

ಆಕಾರ ಬದಲಿಸುವ ಕನ್ನಡಿಯನ್ನು ಬಾಗುಗನ್ನಡಿ ಎನ್ನೋಣ. ಅದರಿಂದ ಚಿತ್ರದ ಒಂದು ಜಾಗದಲ್ಲಿ ಸೋರಿದ ನಕ್ಷತ್ರದ ಬೆಳಕನ್ನು ಅಳಿಸಿ ಕಪ್ಪಾಗಿಸುವುದೇ ಕತ್ತಲ ಕುಳಿ ತೋಡುವುದು. ತೆಳು ಗಾಜಿನ ಹಿಂದೆ ಸಾಲುಸಾಲಾಗಿ ಆಕ್ಚುಯೇಟರುಗಳು, ಅಂದರೆ ತಳ್ಳುವ ಪುಟ್ಟ ಸಾಧನಗಳು. ವೋಲ್ಟೇಜ್ ಕೊಟ್ಟರೆ ಆ ಜಾಗ ನ್ಯಾನೋಮೀಟರುಗಳಷ್ಟು ಉಬ್ಬುತ್ತದೆ. ರೋಮನ್‌ನಲ್ಲಿ ಇಂಥವು ಎರಡು, ಒಂದೊಂದರಲ್ಲಿ 48×48. ಅಗಲಕ್ಕೆ 48 ಇದ್ದರೆ 24 ಮೊಳದವರೆಗಿನ ಚುಕ್ಕೆಗಳನ್ನು ಅಳಿಸಬಹುದು, ಅದರಾಚೆ ಸಾಧ್ಯವಿಲ್ಲ. ಒಂದೇ ಬಾಗುಗನ್ನಡಿಯಿದ್ದರೆ ಬೆಳಕಿನ ಫೇಸ್ ದೋಷವನ್ನು ಸರಿಪಡಿಸಬಹುದು. ಪ್ರತಿಫಲನ ಅಲ್ಲಲ್ಲಿ ಹೆಚ್ಚುಕಡಿಮೆಯಾಗಿ ಹುಟ್ಟುವ ಪಾರದ ದೋಷವೂ ಸೇರಿದರೆ ಚಿತ್ರದ ಒಂದು ಪಕ್ಕದಲ್ಲಿ ಮಾತ್ರ ಕತ್ತಲು ಸಿಗುತ್ತದೆ. ಎರಡೂ ಪಕ್ಕ ಬೇಕೆಂದರೆ ಎರಡನೆಯದನ್ನು ಪ್ಯೂಪಿಲ್‌ನಿಂದ ದೂರವಿಡಬೇಕು.

ಮನೆಯ ಪರೀಕ್ಷೆಗೆ ಒಂದು ಸಾಕು. ಅಗಲಕ್ಕೆ 32 ಆಕ್ಚುಯೇಟರ್, ಒಂದೊಂದಕ್ಕೂ 8 ಪಿಕ್ಸೆಲ್ ಅಂತರ, ಉಬ್ಬಿಗೆ ಗಾಸಿಯನ್ ಆಕಾರ. ವೃತ್ತದೊಳಗೆ ಬರುವವು ಸುಮಾರು 800. ತರಂಗಮುಖಕ್ಕೆ ಒಟ್ಟು 5 ನ್ಯಾನೋಮೀಟರ್ ಸರಾಸರಿಯ ಯಾದೃಚ್ಛಿಕ ದೋಷ ಹಾಕಿ. ದೊಡ್ಡ ಅಲೆಗಳು ಹೆಚ್ಚು, ಸಣ್ಣವು ಕಡಿಮೆ ಇರುವಂತೆ. ಕುಳಿಗೆ ಜಾಗ: ಬಲಕ್ಕೆ 3.5ರಿಂದ 10 ಮೊಳ, ಮೇಲೆ ಕೆಳಗೆ 6.5 ಮೊಳ. ಅಲ್ಲಿ 1352 ಪಿಕ್ಸೆಲ್.

ಆಕ್ಚುಯೇಟರುಗಳನ್ನು ಒಂದೊಂದಾಗಿ 1 ನ್ಯಾನೋಮೀಟರ್ ತಳ್ಳಿ, ಕುಳಿಯ ಪ್ರತಿ ಪಿಕ್ಸೆಲಿನಲ್ಲೂ ಕ್ಷೇತ್ರ ಎಷ್ಟು ಬದಲಾಯಿತೆಂದು ಬರೆದಿಡಿ. ವಾಸ್ತವ ಭಾಗ ಮೇಲೆ, ಕಾಲ್ಪನಿಕ ಭಾಗ ಕೆಳಗೆ ಜೋಡಿಸಿದರೆ 2704 ಸಾಲು, 800 ಕಂಬಸಾಲಿನ ಮ್ಯಾಟ್ರಿಕ್ಸ್. 20 ಎಂಬಿಯೂ ಆಗದು. ಈಗ ಕುಳಿಯಲ್ಲಿರುವ ಕ್ಷೇತ್ರಕ್ಕೆ ಸರಿಯಾಗಿ ವಿರುದ್ಧವಾದ ಕ್ಷೇತ್ರ ಯಾವ ತಳ್ಳಾಟದಿಂದ ಬರುತ್ತದೆಂದು ಕನಿಷ್ಠ ವರ್ಗ ವಿಧಾನದಿಂದ ಬಿಡಿಸಿ. ನೇರವಾಗಿ ಬಿಡಿಸಿದರೆ ಉತ್ತರ ಸಾವಿರಾರು ನ್ಯಾನೋಮೀಟರಿಗೆ ಹಾರುತ್ತದೆ, ಏಕೆಂದರೆ ಕೆಲವು ಆಕಾರಗಳು ಕುಳಿಯ ಮೇಲೆ ಏನೂ ಪರಿಣಾಮ ಬೀರುವುದಿಲ್ಲ. ಅದಕ್ಕೆ ಲಗಾಮು ಹಾಕಿ: ಕರ್ಣದ ಪದಗಳಿಗೆ, ಅತಿ ದೊಡ್ಡ ಸಿಂಗ್ಯುಲರ್ ಮೌಲ್ಯದ ವರ್ಗದ ಸಾವಿರದ ಒಂದು ಭಾಗದಷ್ಟನ್ನು ಸೇರಿಸಿ. ಬಂದ ತಳ್ಳಾಟ ಹಾಕಿ, ಮತ್ತೆ ಅಳೆದು, ಮತ್ತೆ ಬಿಡಿಸಿ. ಪ್ರತಿ ಸುತ್ತಿಗೂ ಕುಳಿ ಕಪ್ಪಾಗುತ್ತಾ ಹೋಗುವುದನ್ನು ಲಾಗರಿಥಮ್ ಬಣ್ಣದಲ್ಲಿ ನೋಡಿ. ನಿಂತುಹೋದರೆ ಲಗಾಮನ್ನು ಒಂದೆರಡು ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ. ಇದರ ಹೆಸರು ಎಲೆಕ್ಟ್ರಿಕ್ ಫೀಲ್ಡ್ ಕಾಂಜುಗೇಶನ್.

ನಿಜವಾದ ದೂರದರ್ಶಕದಲ್ಲಿ ಕ್ಷೇತ್ರ ಕಾಣುವುದಿಲ್ಲ, ಹೊಳಪು ಮಾತ್ರ ಕಾಣುತ್ತದೆ. ಅಲ್ಲಿ ಬಾಗುಗನ್ನಡಿಗೇ ಗೊತ್ತಿರುವ ಒಂದು ಸಣ್ಣ ಆಕಾರವನ್ನು ಕೂಡಿಸಿ ಒಂದು ಚಿತ್ರ, ಕಳೆದು ಇನ್ನೊಂದು ಚಿತ್ರ ತೆಗೆಯುತ್ತಾರೆ. ಎರಡರ ವ್ಯತ್ಯಾಸದಿಂದ ಕ್ಷೇತ್ರದ ಒಂದು ಘಟಕ ಸಿಗುತ್ತದೆ. ಬೇರೆ ಆಕಾರದ ಇನ್ನೊಂದು ಜೋಡಿಯಿಂದ ಎರಡನೆಯದು. ಮೂಲ ಚಿತ್ರವೂ ಸೇರಿ ಕನಿಷ್ಠ ಐದು ಚಿತ್ರ. ಹಾಕುವ ಆಕಾರ ತೀರಾ ಸಣ್ಣದಾದರೆ ಫೋಟಾನ್ ಗದ್ದಲದಲ್ಲಿ ಮುಳುಗುತ್ತದೆ, ದೊಡ್ಡದಾದರೆ ಸರಳರೇಖೆಯ ಲೆಕ್ಕವೇ ತಪ್ಪುತ್ತದೆ. ಅದು ತರುವ ಹೊಳಪು ಆಗ ಕುಳಿಯಲ್ಲಿರುವ ಚುಕ್ಕೆಗಳಷ್ಟೇ ಅಥವಾ ಸ್ವಲ್ಪ ಹೆಚ್ಚಿರಲಿ. ಗ್ರಹದ ಬೆಳಕು ಇದಕ್ಕೆ ಸ್ಪಂದಿಸುವುದಿಲ್ಲ, ನಕ್ಷತ್ರದೊಡನೆ ವ್ಯತಿಕರಣ ಹೊಂದದ್ದರಿಂದ. ಅಳಿಸಲು ಹೋದರೂ ಅಳಿಯದೆ ಉಳಿದದ್ದೇ ನಿಮಗೆ ಬೇಕಾದದ್ದು.

ಇದಕ್ಕೆ ಎಷ್ಟು ಹೊತ್ತು? 10⁻¹⁰ ಮಟ್ಟದ ಚುಕ್ಕೆಯಿಂದಲೂ 27 ಸೆಕೆಂಡಿಗೊಂದೇ ಫೋಟಾನ್. ನೂರು ಫೋಟಾನಿಗೆ 46 ನಿಮಿಷ, ಐದು ಚಿತ್ರಕ್ಕೆ ಸುಮಾರು ನಾಲ್ಕು ಗಂಟೆ, ಒಂದು ಸುತ್ತಿಗೆ! ಅಷ್ಟರಲ್ಲಿ ಕನ್ನಡಿ ಬದಲಾಗಿರುತ್ತದೆ. ಹಾಗಾಗಿ ಕುಳಿಯನ್ನು ತೋಡುವುದು ಬೇರೊಂದು ಪ್ರಖರ ನಕ್ಷತ್ರದ ಮೇಲೆ. ಶೂನ್ಯ ಕಾಂತಿಮಾನದ್ದಾದರೆ ಅದೇ ನೂರು ಫೋಟಾನ್ ಅರ್ಧ ನಿಮಿಷದಲ್ಲಿ ಬರುತ್ತವೆ. ಆಮೇಲೆ ದೂರದರ್ಶಕವನ್ನು ಗುರಿಯತ್ತ ತಿರುಗಿಸಬೇಕು. ತಿರುಗಿಸಿದರೆ ಸೂರ್ಯನ ಬಿಸಿ ಬೀಳುವ ಕೋನ ಬದಲಾಗುತ್ತದೆ. ಆದ್ದರಿಂದ ಪ್ರಖರ ನಕ್ಷತ್ರವನ್ನು ಆರಿಸುವಾಗ ಹೊಳಪಿನಷ್ಟೇ ಸೂರ್ಯಕೋನವನ್ನೂ ನೋಡಿ.

ಎಲೆಕ್ಟ್ರಾನಿಕ್ಸ್ ಕಡೆಗೂ ಒಂದು ಕಣ್ಣಿರಲಿ. ಆಕ್ಚುಯೇಟರಿನ ಒಟ್ಟು ಚಲನೆ 500 ನ್ಯಾನೋಮೀಟರ್, ನಿಯಂತ್ರಣ 14 ಬಿಟ್ ಎಂದರೆ ಒಂದು ಮೆಟ್ಟಿಲು 30 ಪಿಕೋಮೀಟರ್. 48×48 ಆಕ್ಚುಯೇಟರುಗಳ ಈ ದುಂಡಾಗಿಸುವ ದೋಷ ಸೇರಿ ಕುಳಿಯಲ್ಲಿ ಸುಮಾರು 2×10⁻¹¹ ಬೆಳಕು ಚೆಲ್ಲುತ್ತದೆ. ಗ್ರಹದ ಐದನೇ ಒಂದು ಪಾಲು, ಬರೀ ದುಂಡಾಗಿಸುವುದರಿಂದ. 16 ಬಿಟ್‌ಗೆ ಹೋದರೆ 16 ಪಟ್ಟು ಇಳಿಯುತ್ತದೆ.

ಕೊನೆಗೆ ಬಣ್ಣ. ಇಷ್ಟು ಹೊತ್ತು ಒಂದೇ ತರಂಗದೂರದಲ್ಲಿ ಓಡಿಸಿದ್ದೀರಿ. 523, 550, 577 ನ್ಯಾನೋಮೀಟರುಗಳಲ್ಲಿ ಅದೇ ತಳ್ಳಾಟ ಇಟ್ಟು ನೋಡಿದರೆ ಕುಳಿ ಮಸುಕಾಗುತ್ತದೆ. ಮೂರರ ಕ್ಷೇತ್ರಗಳನ್ನೂ ಒಂದೇ ಮ್ಯಾಟ್ರಿಕ್ಸಿನಲ್ಲಿ ಪೇರಿಸಿ ಬಿಡಿಸಬೇಕು. ಸಿಗುವ ಆಳ ಮೊದಲಿಗಿಂತ ಕಡಿಮೆಯೇ.

ಕಂಡದ್ದೆಲ್ಲ ಗ್ರಹವಲ್ಲ

ಕುಳಿಯಲ್ಲಿ ಉಳಿದ ಚುಕ್ಕೆಗಳನ್ನು ಕಳೆಯುವುದು ಚಿತ್ರ ಸಂಸ್ಕರಣೆಯ ಕೆಲಸ. ಜೇಮ್ಸ್ ವೆಬ್‌ನಲ್ಲಿ ಎರಡು ದಾರಿ ಬಳಕೆಯಲ್ಲಿವೆ. ಒಂದು, ದೂರದರ್ಶಕವನ್ನೇ ಸುಮಾರು 10 ಡಿಗ್ರಿ ಹೊರಳಿಸಿ ಎರಡು ಸಲ ತೆಗೆಯುವುದು: ಉಪಕರಣದ ಚುಕ್ಕೆಗಳು ಕ್ಯಾಮೆರಾದ ಜೊತೆ ನಿಲ್ಲುತ್ತವೆ, ಗ್ರಹ ಆಕಾಶದ ಜೊತೆ ತಿರುಗುತ್ತದೆ. ಎರಡು, ಗ್ರಹವಿಲ್ಲದ ಬೇರೆ ನಕ್ಷತ್ರವನ್ನು ಹಾಗೆಯೇ ತೆಗೆದು ಕಳೆಯುವುದು. ಮೊದಲ ದಾರಿಗೆ ಮಿತಿಯಿದೆ. 4.4 ಮೈಕ್ರೋಮೀಟರಿನಲ್ಲಿ ವೆಬ್‌ನ ಮೊಳ 0.14 ಆರ್ಕ್‌ಸೆಕೆಂಡ್, 0.8 ಆರ್ಕ್‌ಸೆಕೆಂಡ್ ದೂರದ ಗ್ರಹ 10 ಡಿಗ್ರಿಗೆ ಸರಿಯುವುದೂ ಅಷ್ಟೇ. ಅದಕ್ಕಿಂತ ಹತ್ತಿರವಿದ್ದರೆ ಗ್ರಹ ತನ್ನನ್ನೇ ತಾನು ಕಳೆದುಕೊಳ್ಳುತ್ತದೆ. ವೆಬ್ ಮೊದಲು ನೇರವಾಗಿ ಹಿಡಿದ ಎಚ್‌ಐಪಿ 65426 ಬಿ ಇರುವುದು ಸರಿಸುಮಾರು ಅದೇ 0.8ರಲ್ಲಿ.

ಕಳೆಯುವ ವಿಧಾನ ಎಷ್ಟು ಜೋರಾಗಿದ್ದರೆ ಗ್ರಹದ ಹೊಳಪನ್ನೂ ಅಷ್ಟು ತಿನ್ನುತ್ತದೆ. ಎಷ್ಟು ತಿಂದಿತೆಂದು ತಿಳಿಯಲು ಹೊಳಪು ಗೊತ್ತಿರುವ ನಕಲಿ ಗ್ರಹಗಳನ್ನು ಮೂಲ ಚಿತ್ರಗಳಲ್ಲೇ ನೆಟ್ಟು, ಅದೇ ಸಂಸ್ಕರಣೆ ಮಾಡಿ, ಎಷ್ಟು ಮರಳಿ ಬಂತೆಂದು ಅಳೆಯಿರಿ. ಈ ಹಂತ ಬಿಟ್ಟ ಯಾವ ಹೊಳಪಿನ ಸಂಖ್ಯೆಯನ್ನೂ ನಂಬಬೇಡಿ.

ಸಂಖ್ಯಾಶಾಸ್ತ್ರದಲ್ಲೂ ಒಂದು ಗುಂಡಿಯಿದೆ. ನಕ್ಷತ್ರದಿಂದ 2 ಮೊಳದ ವೃತ್ತದಲ್ಲಿ ಸ್ವತಂತ್ರ ಜಾಗಗಳು 12 ಮಾತ್ರ. ಅಷ್ಟರಿಂದ ಗದ್ದಲದ ಮಟ್ಟ ಅಂದಾಜಿಸಿ ‘ಐದು ಸಿಗ್ಮಾ’ (ಗದ್ದಲದ ಐದು ಪಟ್ಟು) ಎಂದರೆ ಅದು ನಿಜವಾದ ಐದಲ್ಲ. ಸಣ್ಣ ಮಾದರಿಯ ಟಿ-ಪರೀಕ್ಷೆಯ ಗೆರೆಯನ್ನು ಬಳಸಿ.

ಚುಕ್ಕೆ ನಿಜವೇ ಆಗಿದ್ದರೂ ಹಿಂದಿನ ನಕ್ಷತ್ರವಾಗಿರಬಹುದು. ತಿಂಗಳುಗಳ ಅಂತರದಲ್ಲಿ ಎರಡನೇ ಸಲ ತೆಗೆದು, ನಕ್ಷತ್ರದ ಜೊತೆಗೇ ಆಕಾಶದಲ್ಲಿ ಸರಿಯುತ್ತಿದೆಯೇ ನೋಡಿ. ಅದೂ ಸಾಲದ ಸಂದರ್ಭ ಇದೆ. 2008ರಲ್ಲಿ ಹಬಲ್ ಚಿತ್ರಗಳಿಂದ ಪ್ರಕಟವಾದ ಫೋಮಲ್‌ಹಾಟ್ ಬಿ ನಕ್ಷತ್ರದ ಜೊತೆಗೇ ಚಲಿಸುತ್ತಿತ್ತು, ಗ್ರಹ ಎಂದೇ ಹೆಸರಾಯಿತು. ವರ್ಷಗಳು ಕಳೆದಂತೆ ಮಂಕಾಗಿ ಹರಡುತ್ತಾ ಹೋಯಿತು. ಎರಡು ಕಾಯಗಳು ಡಿಕ್ಕಿಯಾಗಿ ಎದ್ದ ದೂಳಿನ ಮೋಡ ಎಂಬ ವಿವರಣೆ 2020ರಲ್ಲಿ ಬಂತು. ದೂಳು ನಮ್ಮ ಲೆಕ್ಕಕ್ಕೂ ಅಡ್ಡಿಯೇ. ಸೌರವ್ಯೂಹದಲ್ಲಿರುವಷ್ಟೇ ದೂಳು ಅಲ್ಲಿದ್ದರೂ 2.4 ಮೀಟರ್ ದೂರದರ್ಶಕದ ಒಂದು ಚುಕ್ಕೆಯಷ್ಟು ಜಾಗದಿಂದ ಬರುವ ದೂಳಿನ ಬೆಳಕು ಗ್ರಹದ ಬೆಳಕಿಗೆ ಸಮವಾಗಬಹುದು. 6 ಮೀಟರಿಗೆ ಚುಕ್ಕೆಯ ಜಾಗ ಆರು ಪಟ್ಟು ಕಿರಿದು, ದೂಳೂ ಅಷ್ಟು ಕಡಿಮೆ.

ಮರೆಯನ್ನು ಹೊರಗೇ ಇಟ್ಟರೆ?

ಪಿಕೋಮೀಟರ್ ಕಾಟವೇ ಬೇಡವೆಂದು ನಕ್ಷತ್ರದ ಬೆಳಕು ದೂರದರ್ಶಕಕ್ಕೆ ಬೀಳುವ ಮೊದಲೇ ತಡೆಯುವ ದಾರಿ ಸ್ಟಾರ್‌ಷೇಡ್, ಪ್ರತ್ಯೇಕ ನೌಕೆಯಾಗಿ ಹಾರುವ ಹೂವಿನಾಕಾರದ ಕೊಡೆ. ನಾಸಾ ಪರಿಶೀಲಿಸಿದ್ದ ಹ್ಯಾಬೆಕ್ಸ್ ಎಂಬ ದೂರದರ್ಶಕ ಯೋಜನೆಯ ಅಧ್ಯಯನದಲ್ಲಿ 4 ಮೀಟರ್ ದೂರದರ್ಶಕದಿಂದ 76,600 ಕಿ.ಮೀ. ಮುಂದೆ 52 ಮೀಟರ್ ಅಗಲದ ಕೊಡೆ ಇತ್ತು. 26 ಮೀಟರ್ ತ್ರಿಜ್ಯವನ್ನು ಆ ದೂರದಿಂದ ಭಾಗಿಸಿ ನೋಡಿ: 70 ಮಿಲಿ ಆರ್ಕ್‌ಸೆಕೆಂಡ್. ದುಂಡು ತಟ್ಟೆ ಇಟ್ಟರೆ ಆಗದು. ಅಂಚಿನಿಂದ ಬಾಗಿದ ಬೆಳಕೆಲ್ಲ ನೆರಳಿನ ನಟ್ಟನಡುವೆ ಕೂಡಿ ಪ್ರಕಾಶಮಾನ ಚುಕ್ಕೆಯಾಗುತ್ತದೆ. ದಳಗಳ ಚೂಪು ಅಂಚು ಅದನ್ನು ಮುರಿಯುತ್ತದೆ. ಒಳಬರುವ ಬೆಳಕಿನಲ್ಲಿ ನಕ್ಷತ್ರವೇ ಇಲ್ಲದ್ದರಿಂದ ದೂರದರ್ಶಕ ಸಾಧಾರಣದ್ದಾದರೂ ನಡೆಯುತ್ತದೆ. ಆದರೆ ನೆರಳಿನ ಗುರಿ ಮೀಟರಿನೊಳಗೆ ನಿಲ್ಲಬೇಕು, ಮತ್ತು ಇನ್ನೊಂದು ನಕ್ಷತ್ರ ನೋಡಬೇಕೆಂದರೆ ಕೊಡೆ ಸಾವಿರಾರು ಕಿಲೋಮೀಟರ್ ಹಾರಿ ಹೋಗಿ ನಿಲ್ಲುವ ತನಕ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಹುಡುಕಾಟಕ್ಕೆ ಕೊರೊನಾಗ್ರಾಫ್, ಸಿಕ್ಕಿದ ಗ್ರಹದ ದೀರ್ಘ ರೋಹಿತಕ್ಕೆ ಕೊಡೆ ಎಂದು ಹ್ಯಾಬೆಕ್ಸ್ ಎರಡನ್ನೂ ಇಟ್ಟುಕೊಂಡಿತ್ತು.